ಫೋನಲ್ಲಿ ಕಾಫಿ ಮೇಷ್ಟ್ರು: ತೋಟ ಕಲಿಯೋರಿಗೆ ಆಗುತ್ತಾ?

ಸೋಮವಾರಪೇಟೆ ಕಡೆ ನಮ್ದು ಅರೇಬಿಕಾ ತೋಟ, ಅಪ್ಪ ನೋಡ್ಕೊಳ್ತಿದ್ದಿದ್ದು ಈಗ ನನ್ ಕೈಗೆ ಬಂದಿದೆ, ಕಲಿಯೋದು ತುಂಬಾ ಇದೆ. ಎಐ ಚಾಟ್ ಆಪ್‌ಗೆ "ನೀವು ಕಾಫಿ ವಿಜ್ಞಾನಿ, ನಾನು ಹೊಸಬ, ಕನ್ನಡದಲ್ಲಿ ಪಾಠ ಮಾಡಿ" ಅಂದ್ರೆ ಸಾಕು, ಮಾತು ಶುರು. ನನ್ ಪ್ರಕಾರ 5ಕ್ಕೆ 4.

ಇದ್ರ ನಿಜವಾದ ಉಪಯೋಗ ಬೇಕು ಅಂದ್ರೆ "ಉತ್ತರ ಹೇಳ್ಬೇಡಿ, ನನ್ನನ್ನೇ ಪ್ರಶ್ನೆ ಕೇಳಿ" ಅಂತ ಹೇಳ್ಬೇಕು. ಬಿಳಿ ಕಾಂಡಕೊರಕ, ಅಂದ್ರೆ ಕಾಫಿ ಗಿಡದ ಕಾಂಡ ಕೊರೆಯೋ ದುಂಬಿ ಹುಳದ ಬಗ್ಗೆ ಕೇಳ್ದೆ, ಅದು ತಿರುಗಿಸಿ, ನಿಮ್ ತೋಟದಲ್ಲಿ ಯಾವ ಜಾಗದ ಗಿಡ ಜಾಸ್ತಿ ಹೋಗಿದೆ, ನೆರಳಿರೋ ಕಡೆನಾ ಬಿಸಿಲು ಬೀಳೋ ಕಡೆನಾ ಅಂತ ಕೇಳ್ತು. ಬಿಸಿಲು ಅಂದೆ. ಯಾಕಿರ್ಬೋದು ಅಂತ ಮತ್ತೆ ನನ್ನನ್ನೇ ಕೇಳ್ತು. ಹೀಗೇ ಒಂದೊಂದೇ ಬಿಡಿಸ್ತಾ ಹೋಯ್ತು: ದುಂಬಿಗೆ ಬಿಸಿಲು ಬಿದ್ದ ಕಾಂಡನೇ ಇಷ್ಟ, ತೊಗಟೆ ಸೀಳಲ್ಲಿ ಮೊಟ್ಟೆ ಇಡುತ್ತೆ, ಏಪ್ರಿಲ್-ಮೇ ಒಂದ್ಸಲ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರಾಟ, ಹಾಗಾಗಿ ಅದಕ್ಕೂ ಮೊದ್ಲೇ ಹುಳ ಹೊಕ್ಕಿರೋ ಗಿಡ ಹುಡುಕಿ ಕಿತ್ತು ಸುಡ್ಬೇಕು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡುವಾಗ ನೆರಳು ಪೂರ್ತಿ ತೆಗೀಬೇಡ ಅಂತ ಅಪ್ಪ ಯಾಕೆ ಅಷ್ಟು ಹೇಳ್ತಿದ್ರು ಅಂತ ಆವತ್ತು ಅರ್ಥ ಆಯ್ತು. ತೋಟದ ಲೆಕ್ಕ, ಕೆಲಸ ನೋಡ್ಕೊಳ್ಳೋ ರೈಟರ್ ಹತ್ರ, ಪಕ್ಕದ ತೋಟದ ಅಣ್ಣನ ಹತ್ರ ಕೇಳೋಕೆ ಸಂಕೋಚ ಆಗೋ ಪ್ರಶ್ನೆನೂ ಇಲ್ಲಿ ಎಷ್ಟು ಸಲ ಬೇಕಾದ್ರೂ ಕೇಳ್ಬೋದು, ಬೇಜಾರ್ ಮಾಡ್ಕೊಳ್ಳಲ್ಲ.

ಒಂದು ಮಾರ್ಕ್ ಕಡಿಮೆ ಕೊಟ್ಟಿದ್ದು ಅಳತೆ ವಿಷಯಕ್ಕೆ. ಬೋರ್ಡೋ ಅಂದ್ರೆ ಶಿಲೀಂಧ್ರ ರೋಗಕ್ಕೆ ಹೊಡೆಯೋ ಔಷಧಿ, ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಕೊಳೆರೋಗಕ್ಕೆ ಹೊಡೆಯೋರಿಗೆಲ್ಲ ಗೊತ್ತಿರೋದೇ. ಈ ಆಪ್ ಒಂದ್ಸಲ ಸರಿಯಾಗಿ ಹೇಳಿ ಇನ್ನೊಂದ್ಸಲ ಸುಣ್ಣ ಅರ್ಧ ಕೆಜಿ ಅಂತು, ಅದೂ ಅಷ್ಟೇ ಧೈರ್ಯದಲ್ಲಿ! ಸುಣ್ಣ ಕಮ್ಮಿ ಆದ್ರೆ ಎಲೆ ಸುಟ್ಟೋಗುತ್ತೆ ಸ್ವಾಮಿ. ಔಷಧಿ ಪ್ರಮಾಣ ಮಾತ್ರ ದಯವಿಟ್ಟು ಇದನ್ನ ನಂಬಿ ಹೊಡೀಬೇಡಿ, ಚೆಟ್ಟಳ್ಳಿಯಲ್ಲಿ ಕಾಫಿ ಬೋರ್ಡ್‌ನ ಸಂಶೋಧನಾ ಉಪಕೇಂದ್ರ 1946ರಿಂದ ಇದೆ, ಅಲ್ಲಿ ಕೇಳಿ.

ಇನ್ನೊಂದು, ಜುಲೈ ಮಳೇಲಿ ಕರೆಂಟು ಟವರು ಎರಡೂ ಹೋದ್ರೆ ಮೇಷ್ಟ್ರೂ ಇಲ್ಲ, ಅದಕ್ಕೆ ಪಾಠ ಎಲ್ಲಾ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ದುಡ್ಡು ಕೊಟ್ಟು ತಗೊಳ್ಳೋ ಪ್ಲಾನ್ ಏನೂ ಬೇಡ, ಫ್ರೀ ಇರೋದೇ ಸಾಕು. ನಾನೀಗ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಕಲಿಯೋಕೆ ಶುರು ಮಾಡಿದ್ದೀನಿ, ಬುಡದಲ್ಲಿ ನೀರು ನಿಲ್ಲೋದ್ರಿಂದ ಪಾಠ ಹಿಡಿದಿದೆ.