ಲೈಬ್ರರಿಯಲ್ಲಿ ಕೊಳೆರೋಗ ಹುಡುಕಿದ ಎರಡು ವರ್ಷ

ಶಿವಮೊಗ್ಗ ಕಡೆಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಗೆ ಎರಡು ವರ್ಷದಿಂದ ಓಡಾಡುತ್ತಿದ್ದೇನೆ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಬೆಳಗ್ಗೆ ಬಸ್ಸು ಹತ್ತಿ, ಮಂಡಗದ್ದೆ ದಾಟಿ, ಶಿವಮೊಗ್ಗದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. "ಎಲ್ಲಾ ಫೋನಲ್ಲೇ ಸಿಗುತ್ತಲ್ಲ, ಸುಮ್ನೆ ಯಾಕೆ ಹೋಗ್ತೀಯ?" ಅಂತ ಮನೆಯಲ್ಲೂ ಕೇಳುತ್ತಾರೆ, ಹೊಸದಾಗಿ ಪಿಎಚ್‌ಡಿಗೆ ಸೇರಿದವರೂ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಅಡಿಕೆ ತೋಟದ ಪದಗಳು. ಸೋಗೆ, ಹಾಳೆ, ಕರಡ (ಒಂದು ಬಗೆಯ ಹುಲ್ಲು), ಕೊಟ್ಟೆ (ಮಳೆ ತಾಗದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ), ಕೊನೆಗೌಡ (ಮರ ಹತ್ತಿ ಗೊನೆ ಇಳಿಸುವವನು), ಇಂಥವು.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಇಂಗ್ಲಿಷ್ ಜರ್ನಲ್ ಬೇಕಾದವರಿಗೆ ಇಂಥ ಕಾಲ ಹಿಂದೆ ಬಂದಿರಲಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್‌ಗಳು. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ 2025ರಿಂದ ಇವು ತೆರೆದಿವೆ. ಮೊದಲು ಒಂದೊಂದು ಲೈಬ್ರರಿಯೂ ತನ್ನ ಬಜೆಟ್ ನೋಡಿಕೊಂಡು, ಯಾವುದನ್ನು ಉಳಿಸೋಣ, ಯಾವುದನ್ನು ಬಿಡೋಣ ಅಂತ ಯೋಚಿಸಬೇಕಿತ್ತು. ಈಗ ದೊಡ್ಡ ಊರಿನ ದೊಡ್ಡ ಸಂಸ್ಥೆಯವರು ಓದುವ ಲೇಖನವನ್ನೇ ನಮ್ಮ ಕಡೆಯ ಹುಡುಗಿಯೂ ಓದಬಹುದು. ಸಸ್ಯಶಾಸ್ತ್ರದ ನನ್ನ ಗೆಳತಿಯೊಬ್ಬಳು ಹಾಸ್ಟೆಲ್ ರೂಮಿನಲ್ಲಿ ಕೂತು ಲಾಗಿನ್ ಆಗಿ ಬೇಕಾದ್ದನ್ನೆಲ್ಲ ಇಳಿಸಿಕೊಳ್ಳುತ್ತಾಳೆ. ಲೈಬ್ರರಿ ಕಟ್ಟಡಕ್ಕೆ ಅವಳು ಬರುವುದೇ ಅಪರೂಪ. ಅವಳ ಮಟ್ಟಿಗೆ ಇದು ಪೂರ್ತಿ ಅಂಕ ಕೊಡಬೇಕಾದ ಸೇವೆ.

ನನ್ನ ಕಥೆ ಬೇರೆ. ಮೊದಲ ವಾರದಲ್ಲೇ ಕೊಳೆರೋಗದ ಬಗ್ಗೆ ಹುಡುಕಬೇಕಾಯಿತು. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಈ ರೋಗಕ್ಕೆ ವಿಜ್ಞಾನಿಗಳೂ ನಮ್ಮ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ತಲೆಬರಹದಲ್ಲೇ 'ಕೊಳೆರೋಗ' ಅಂತ ಹಾಕಿದ್ದರು. ಹಾಗಾಗಿ ಲೈಬ್ರರಿಯ ಹುಡುಕಾಟದ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ಪರದೆ ತುಂಬ ಲೇಖನಗಳು ಬಂದವು. ರೋಗಾಣು ಯಾವುದು, ಎಷ್ಟು ತೇವ ಇದ್ದರೆ ಹರಡುತ್ತದೆ, ಬೋರ್ಡೋ ದ್ರಾವಣವನ್ನು (ಮೈಲುತುತ್ತ ಸುಣ್ಣದ ಮದ್ದು) ಯಾವಾಗ ಹೊಡೆಯಬೇಕು, ಎಲ್ಲವೂ ಇತ್ತು. ಆಮೇಲೆ ಅದೇ ಪದವನ್ನು ಕನ್ನಡ ಅಕ್ಷರದಲ್ಲಿ ಹೊಡೆದೆ. ಒಂದೂ ಬರಲಿಲ್ಲ. ನಮ್ಮದೇ ಪದಕ್ಕೆ ನಮ್ಮ ಅಕ್ಷರದಲ್ಲಿ ಉತ್ತರ ಇಲ್ಲ ಅಂದಾಗ ನಿಜಕ್ಕೂ ಬೇಸರವಾಯಿತು.

ಕನ್ನಡದಲ್ಲಿ ಯಾರೂ ಬರೆದಿಲ್ಲ ಅಂತಲ್ಲ. ಬರೆದಿದ್ದಾರೆ, ಸಿಗುವುದಿಲ್ಲ ಅಷ್ಟೆ. ಯಾಕೆ ಅನ್ನುವುದನ್ನು ಅಲ್ಲಿನ ಲೈಬ್ರರಿಯನ್ ಸರ್ ಕೂರಿಸಿಕೊಂಡು ತೋರಿಸಿದರು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡುವುದನ್ನು ಕಡ್ಡಾಯ ಮಾಡಿತು. ಅವೆಲ್ಲ ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹಕ್ಕೆ ಸೇರುತ್ತವೆ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ, ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ನಮ್ಮಂಥವರಿಗೆ ದೊಡ್ಡ ಉಪಕಾರ ಅದು. ಆದರೆ ಎಷ್ಟೋ ಕನ್ನಡ ಪ್ರಬಂಧಗಳು ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಆಗಿವೆ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ ಅಕ್ಷರ, ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಸರ್ ಒಂದು ಪ್ರಬಂಧ ತೆರೆದು, ಒಂದು ಸಾಲನ್ನು ಕಾಪಿ ಮಾಡಿ ಪಕ್ಕದಲ್ಲಿ ಅಂಟಿಸಿದರು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದ್ದಕ್ಕೆ ಸುರಿದವು. ಅದರಲ್ಲಿ ಕೊಳೆರೋಗ ಎಲ್ಲಿ ಸಿಗಬೇಕು? ಬೇರೆ ಬೇರೆ ಭಾಷೆಯ ಅಕ್ಷರಕ್ಕೆ ಕಂಪ್ಯೂಟರ್ ಒಳಗೆ ಅದರದೇ ಗುರುತು ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಹಳೆ ಫಾಂಟುಗಳೇ ಬಹಳ ವರ್ಷ ನಡೆದವು. ಇನ್ನು ಪುಟಗಳನ್ನು ಬರೀ ಚಿತ್ರವಾಗಿ ಸ್ಕ್ಯಾನ್ ಮಾಡಿದ ಪ್ರಬಂಧಗಳಲ್ಲಿ ಹುಡುಕಲು ಅಕ್ಷರವೇ ಇರುವುದಿಲ್ಲ.

ಆಮೇಲೆ ಅವರು ಎದ್ದು, "ಕೊಟ್ಟೆ ಕಟ್ಟೋದರ ಬಗ್ಗೆ ಒಬ್ಬರು ಬರೆದಿದ್ರು, ಬನ್ನಿ" ಅಂತ ಹಿಂದಿನ ರ‍್ಯಾಕುಗಳ ಕಡೆ ಕರೆದುಕೊಂಡು ಹೋದರು. ಕಂಪ್ಯೂಟರ್ ನೋಡಲಿಲ್ಲ, ನೆನಪಿನಿಂದಲೇ ಹೋದರು. ಮೂರನೇ ಸಾಲು, ಕೆಳಗಿನ ಹಲಗೆ, ಕಪ್ಪು ಬೈಂಡಿನ ಪ್ರಬಂಧ. ಬೆನ್ನಿನ ಮೇಲಿನ ಚಿನ್ನದ ಬಣ್ಣದ ಅಕ್ಷರ ಅರ್ಧ ಅಳಿಸಿಹೋಗಿತ್ತು. ತೆರೆದರೆ ನುಸಿಗುಳಿಗೆ ವಾಸನೆ. ಒಳಗೆ ಕೊಟ್ಟೆಯ ಬಗ್ಗೆ ಆರು ಪುಟ: ಕರಡವನ್ನು ಯಾವಾಗ ಕೊಯ್ಯಬೇಕು, ಹೇಗೆ ಹೆಣೆಯಬೇಕು, ಮಳೆ ಹಿಡಿಯುವ ಮೊದಲು ಗೊನೆಗೆ ಹೇಗೆ ಕಟ್ಟಬೇಕು, ಮೈಲುತುತ್ತ ಸುಣ್ಣದ ಮದ್ದು ಬಂದ ಮೇಲೆ ಆ ಕೆಲಸದ ಜೊತೆ ಯಾವ ಯಾವ ಪದಗಳು ಬಿಟ್ಟುಹೋದವು. ನನ್ನ ಪ್ರಬಂಧದ ಎರಡನೇ ಅಧ್ಯಾಯ ನಿಂತಿರುವುದೇ ಆ ಆರು ಪುಟಗಳ ಮೇಲೆ.

ಅದಕ್ಕೇ ಹೇಳುತ್ತಿರುವುದು, ಈ ಲೈಬ್ರರಿಯಲ್ಲಿ ಅತ್ಯಂತ ಬೆಲೆಬಾಳುವ ಸೌಲಭ್ಯ ಈ ಸರ್ ಮತ್ತು ಅವರ ಜೊತೆ ಕೆಲಸ ಮಾಡುವ ಇಬ್ಬರು. ಪುಸ್ತಕ ಕೊಡುವುದು, ಸೀಲು ಹಾಕುವುದು ಅವರ ಕೆಲಸದ ಸಣ್ಣ ಭಾಗ ಈಗ. ಲಾಗಿನ್ ಆಗದವರಿಗೆ ಪಾಸ್‌ವರ್ಡ್ ಸರಿಮಾಡುತ್ತಾರೆ. ಪ್ರಬಂಧ ಕೊಡುವ ಮೊದಲು ನಕಲು ಪರೀಕ್ಷೆ ಮಾಡಿಕೊಡುತ್ತಾರೆ (2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ. 10 ದಾಟಿದರೆ ತಿದ್ದಿ ತರಬೇಕು). ದುಡ್ಡು ಕೇಳಿ ಮೋಸ ಮಾಡುವ ಜರ್ನಲ್ ಯಾವುದು ಅಂತ ಎಚ್ಚರಿಸುತ್ತಾರೆ. ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಹೊರಬರುತ್ತದೆ ಅಂತ ನನಗೆ ಕಲಿಸಿದವರೂ ಅವರೇ. ಒತ್ತಕ್ಷರದಲ್ಲಿ ತಪ್ಪಾಗುತ್ತದೆ, 'ಕೊಟ್ಟೆ' ಹೋಗಿ 'ಕೊಟೆ', 'ಮದ್ದು' ಹೋಗಿ 'ಮದು' ಆಗಿರುತ್ತದೆ. ಕೂತು ತಿದ್ದಬೇಕು. ಆದರೂ ಪೂರ್ತಿ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ಓದುವ ಹಾಲ್ ಯಾವಾಗಲೂ ತುಂಬಿರುತ್ತದೆ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರೇ ಜಾಸ್ತಿ. ತಮ್ಮದೇ ಪುಸ್ತಕ ತಂದು ಓದುತ್ತಾರೆ, ಲೈಬ್ರರಿಯ ಪುಸ್ತಕ ಮುಟ್ಟುವುದಿಲ್ಲ ಅಂತ ಕೆಲವರಿಗೆ ಸಿಟ್ಟು. ನನಗೆ ಆ ಸಿಟ್ಟಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಊರುಗಳಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಅಂಥ ಕಡೆಯಿಂದ ಬಂದವರಿಗೆ ಒಂದು ಕುರ್ಚಿ, ಒಂದು ದೀಪ, ಸದ್ದಿಲ್ಲದ ಆರು ಗಂಟೆ ಸಿಗುವುದೇ ದೊಡ್ಡದು ಅಲ್ವಾ? ಆದರೆ ಲ್ಯಾಪ್‌ಟಾಪ್ ಚಾರ್ಜ್ ಮಾಡಲು ಪ್ಲಗ್ ಸಾಲುವುದಿಲ್ಲ. ಇದನ್ನು ಬೇಗ ಸರಿಮಾಡಬೇಕು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಕನ್ನಡ ಸಾಹಿತ್ಯದ ಕಪಾಟುಗಳು (ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ 894.814) ಗೋಡೆಯ ಪಕ್ಕ ಇವೆ. ಮಳೆಗಾಲದಲ್ಲಿ ಆ ಗೋಡೆಗೆ ತೇವ ಬರುತ್ತದೆ. ಹಳೆಯ ಕನ್ನಡ ನಿಯತಕಾಲಿಕೆಗಳ ಕಟ್ಟುಗಳಿಗೆ ಬೂಷ್ಟು ಹಿಡಿದಿದೆ. ಇಂಗ್ಲಿಷ್ ಜರ್ನಲ್ ಒಂದು ಹಾಳಾದರೆ ನೆಟ್ಟಿನಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ. ಈ ಕಟ್ಟುಗಳಲ್ಲಿ ಕೆಲವಕ್ಕೆ ಬೇರೆ ಪ್ರತಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಸ್ಕ್ಯಾನರ್ ಇದೆ, ದಿನಾ ಕೂತು ಮಾಡಲು ಜನ ಇಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಇದಕ್ಕೆ ಒಬ್ಬರನ್ನು ಹಾಕಿ ಅಂತ ಅಲ್ಲಿನ ಸಲಹೆ ಪುಸ್ತಕದಲ್ಲಿ ಬರೆದು ಬಂದಿದ್ದೇನೆ. ಇಲ್ಲೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಅಜ್ಜಯ್ಯನ ತೋಟದ ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು ಹೋಗಿದ್ದೆ. ಯಾವ ದಿನ ಮದ್ದು ಹೊಡೆದದ್ದು, ಯಾರು ಮರ ಹತ್ತಿದ್ದು, ಎಷ್ಟು ಅಡಿಕೆ ಉದುರಿದ್ದು ಎಲ್ಲ ಇದೆ ಅದರಲ್ಲಿ. ಸರ್ ಊಟದ ಹೊತ್ತಿನಲ್ಲಿ ಕೂತು ನಲವತ್ತು ಪುಟ ಸ್ಕ್ಯಾನ್ ಮಾಡಿದರು. ಲೈಬ್ರರಿಯ ಪಟ್ಟಿಗೆ ಸೇರಿಸುವಾಗ ವಿಷಯದ ಜಾಗದಲ್ಲಿ ಏನು ಹಾಕಲಿ ಅಂತ ನನ್ನನ್ನೇ ಕೇಳಿದರು. ಕೊಳೆರೋಗ, ಕೊಟ್ಟೆ, ಮದ್ದು ಅಂತ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಸೇರಿಸಿದೆವು. ಸಂಜೆ ಬಸ್ಸಿಗೆ ಹೊರಡುವ ಮೊದಲು ಆ ಹುಡುಕಾಟದ ಪುಟದಲ್ಲಿ ಮತ್ತೆ 'ಕೊಳೆರೋಗ' ಅಂತ ಹೊಡೆದು ನೋಡಿದೆ. ಒಂದು ಬಂತು, ಅಜ್ಜಯ್ಯನ ಪುಸ್ತಕ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕ ಇದ್ದರೆ ಮಳೆ ಹಿಡಿಯುವ ಮೊದಲು ಹತ್ತಿರದ ಲೈಬ್ರರಿಗೆ ಕೊಂಡುಹೋಗಿ ತೋರಿಸಿ. ನಾನು ಹೋಗುವ ಲೈಬ್ರರಿಯಲ್ಲಾದರೆ, ಬೆಳಗ್ಗೆ ಹನ್ನೊಂದರ ಒಳಗೆ ಹೋದರೆ ಸ್ಕ್ಯಾನರ್ ಖಾಲಿ ಇರುತ್ತದೆ.