ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡ್ತೀರಿ? ಕರಾವಳಿ, ಶಿರಸಿ, ಕೊಡಗು: ಮೂರು ಕಡೆ ವಿಶ್ರಾಂತಿಗೆ ಹೋಗಿ ಬಂದ ಲೆಕ್ಕ

ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಪುಸ್ತಕದ ಪುಟ ಕಟ್ಟೋದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಸೊಂಟ ತಗಾದೆ ತೆಗೆಯಿತು. ರಾತ್ರಿ ಮೂರಕ್ಕೇ ಎಚ್ಚರ, ಆಮೇಲೆ ನಿದ್ದೆ ಇಲ್ಲ. "ಎಲ್ಲಾದ್ರೂ ಹಳ್ಳಿ ಕಡೆ ಹೋಗಿ ಸುಮ್ನೆ ಇದ್ದು ಬಾ" ಅಂದರು ಮನೆಯವರು. ಸುಮ್ನೆ ಇರೋದಕ್ಕೂ ಇಷ್ಟೊಂದು ಆಯ್ಕೆ ಇದೆ ಅಂತ ಹುಡುಕಿದಾಗಲೇ ಗೊತ್ತಾಗಿದ್ದು.

ಒಂದು ವರ್ಷದೊಳಗೆ ಮೂರು ಕಡೆ ಹೋಗಿ ಬಂದೆ. ಜುಲೈಯಲ್ಲಿ ಕರಾವಳಿಯ ಒಂದು ಪ್ರಕೃತಿ ಚಿಕಿತ್ಸಾಲಯದಲ್ಲಿ ಹತ್ತು ದಿನ, ಒಬ್ಬಳೇ. ಜನವರಿ ಕೊನೆಗೆ ಅಮ್ಮನ ಜೊತೆ ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ಆರು ದಿನ. ಮಾರ್ಚ್ ಕೊನೆಗೆ ಗಂಡನ ಜೊತೆ ಕೊಡಗಿನ ಕಾಫಿ ತೋಟದೊಳಗಿನ ರೆಸಾರ್ಟಿನಲ್ಲಿ ಎರಡು ರಾತ್ರಿ. ಮೂರೂ ಜಾಗದ ಹೆಸರು ಹೇಳುವುದಿಲ್ಲ. ಹೊಗಳಿಕೆ ಜೊತೆಗೆ ಬೈಗುಳವೂ ಇದೆ.

ಮೊದಲು ಕರಾವಳಿ. ಪ್ರಕೃತಿ ಚಿಕಿತ್ಸೆ ಅಂದರೆ ನಮ್ಮಲ್ಲಿ ತಟ್ಟನೆ ನೆನಪಾಗೋದು ಧರ್ಮಸ್ಥಳದ ಶಾಂತಿವನ, ಉಡುಪಿ ಹತ್ತಿರ ಪರೀಕದ ಸೌಖ್ಯವನ. ಉಜಿರೆಯಲ್ಲಿ ಇದಕ್ಕೇ ಕಾಲೇಜಿದೆ, ಬಿಎನ್‌ವೈಎಸ್ ಅಂತ ಐದೂವರೆ ವರ್ಷದ ಪದವಿ. ನಾನು ಹೋದದ್ದು ಇವು ಯಾವುದೂ ಅಲ್ಲ, ಒಂದು ಚಿಕ್ಕ ಜಾಗ. ಆದರೆ ಅಲ್ಲೂ ಓದಿದ ಡಾಕ್ಟರೇ ಇದ್ದರು. ಹೋದ ಕೂಡಲೇ ಬಿಪಿ, ಸಕ್ಕರೆ, ತೂಕ ನೋಡಿ, ಏನೇನು ಮಾತ್ರೆ ತಗೊಳ್ತೀರಿ ಅಂತ ಕೇಳಿ, ಆಮೇಲೇ ಚೀಟಿ ಬರೆದರು. ಈ ವಿಚಾರಣೆ ಮಾಡದೆ ನೇರವಾಗಿ ಉಪವಾಸಕ್ಕೆ ಕೂರಿಸುವ ಜಾಗವಾದರೆ ಬ್ಯಾಗು ಎತ್ತಿಕೊಂಡು ವಾಪಸ್ ಬನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳದೆ ಹೊರಡಲೇಬೇಡಿ.

ಬೆಳಗ್ಗೆ ಐದಕ್ಕೆ ಗಂಟೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮೂಗು ತೊಳೆಯುವ ಜಲನೇತಿ, ಯೋಗ, ಆಮೇಲೆ ಹೊಟ್ಟೆ ಮೇಲೆ ಮಣ್ಣಿನ ಪಟ್ಟಿ. ಜುಲೈ ಮಳೆಯಲ್ಲಿ ಆ ತಣ್ಣನೆ ಮಣ್ಣು ಹೊಟ್ಟೆಗೆ ಬಿದ್ದಾಗ ಪ್ರಾಣವೇ ಹೋದ ಹಾಗಾಗುತ್ತದೆ. ಐದು ನಿಮಿಷ ಕಳೆದರೆ ಅಲ್ಲೇ ನಿದ್ದೆ. ಕಟಿಸ್ನಾನ ಅಂದರೆ ತೊಟ್ಟಿಯಲ್ಲಿ ಸೊಂಟ ಮಾತ್ರ ನೀರಲ್ಲಿ, ಕಾಲು ಹೊರಗೆ. ಹಬೆ ಪೆಟ್ಟಿಗೆಯಲ್ಲಿ ಉಲ್ಟಾ: ಮೈ ಒಳಗೆ, ತಲೆ ಹೊರಗೆ. ಕನ್ನಡಿಯಲ್ಲಿ ನೋಡಿಕೊಂಡು ನಾನೇ ನಕ್ಕೆ. ಊಟಕ್ಕೆ ಉಪ್ಪಿಲ್ಲದ ಬೇಯಿಸಿದ ತರಕಾರಿ, ಪಪ್ಪಾಯಿ, ಬೂದುಗುಂಬಳಕಾಯಿ ರಸ. ಮಧ್ಯೆ ಎರಡು ದಿನ ಬರೀ ರಸ.

ಎರಡನೇ ದಿನ ತಲೆನೋವು ಬಂತು ನೋಡಿ, ಗೋಡೆಗೆ ಚಚ್ಚಿಕೊಳ್ಳೋಣ ಅನ್ನಿಸುವಷ್ಟು. ದೇಹದ ವಿಷ ಹೊರಗೆ ಬರ್ತಿದೆ ಅಂತ ಪಕ್ಕದ ಮಂಚದವರು ಸಮಾಧಾನ ಹೇಳಿದರು. ಡಾಕ್ಟರು ನಕ್ಕು, "ದಿನಕ್ಕೆ ಎಷ್ಟು ಕಾಫಿ ಕುಡೀತಿದ್ರಿ?" ಅಂದರು. ಐದು. ಅಷ್ಟೇ ವಿಷಯ. ಹೋಗುವ ಎರಡು ವಾರ ಮೊದಲೇ ಒಂದೊಂದೇ ಲೋಟ ಕಮ್ಮಿ ಮಾಡಿಕೊಂಡು ಹೋಗಿದ್ದರೆ ಆ ಕಷ್ಟ ಇರುತ್ತಿರಲಿಲ್ಲ. ಇದನ್ನು ಯಾರೂ ಮೊದಲೇ ಹೇಳೋದಿಲ್ಲ, ನಾನು ಹೇಳಿದ್ದೇನೆ.

ಅಲ್ಲಿಯ ಮಧ್ಯಾಹ್ನ ಮೂರು ಗಂಟೆಯನ್ನು ನಾನು ಮರೆಯೋದಿಲ್ಲ. ಚಿಕಿತ್ಸೆ ಮುಗಿದಿರುತ್ತದೆ, ಸಂಜೆಯ ರಸಕ್ಕೆ ಇನ್ನೂ ಎರಡು ಗಂಟೆ. ಹೊರಗೆ ಮಳೆ ಸುರಿಯುತ್ತಿರುತ್ತದೆ. ಹಸಿದವರೆಲ್ಲ ಜಗಲಿಯಲ್ಲಿ ಸಾಲಾಗಿ ಕೂತು ತಿಂಡಿ ಬಗ್ಗೆ ಮಾತಾಡುತ್ತಿದ್ದೆವು. ಗೋಳಿಬಜೆಗೆ ಮೊಸರು ಎಷ್ಟು ಹುಳಿ ಇರಬೇಕು, ನೀರುದೋಸೆಗೆ ಯಾವ ಅಕ್ಕಿ, ಪತ್ರೊಡೆಗೆ ಕೆಸುವಿನೆಲೆ ಮರದ್ದೋ ನೆಲದ್ದೋ. ಪುತ್ತೂರಿನ ಒಬ್ಬ ಹಿರಿಯರು ಹಲಸಿನ ಹಪ್ಪಳ ಕರಿಯುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಆಯಾ ಅಕ್ಕ ಬಂದು, "ಹಸಿವಾಗ್ತದಾ? ಆಗ್ಲಿ. ಆಗ್ಬೇಕು" ಅಂತ ಹೇಳಿ ಹೋದರು. ಅಷ್ಟು ದಿನದಲ್ಲಿ ನಾನು ಒಮ್ಮೆಯೂ ಆಫೀಸ್ ನೆನೆಸಿಕೊಳ್ಳಲಿಲ್ಲ. ನೆನಪಾದದ್ದು ಬರೀ ಕೋಡುಬಳೆ.

ಬೈಗುಳ? ಕೋಣೆಯ ಗೋಡೆ ಬೂಷ್ಟು ಹಿಡಿದಿತ್ತು. ಒಗೆದ ಬಟ್ಟೆ ಹತ್ತು ದಿನವೂ ಒಣಗಲಿಲ್ಲ, ನಾನು ತಂದದ್ದು ನಾಲ್ಕೇ ಜೊತೆ. ಮಳೆಗಾಲಕ್ಕೆ ಹೋಗುವವರು ಎಂಟು ಜೊತೆ ಹಾಕಿಕೊಳ್ಳಿ, ಹತ್ತಿಯದಲ್ಲ, ಬೇಗ ಒಣಗುವಂಥದ್ದು. ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಲ್ಲುವ ಕಾಲ ಅದು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ತೂಕ ಮೂರು ಕೆಜಿ ಇಳಿಯಿತು. ಒಂದೂವರೆ ತಿಂಗಳಲ್ಲಿ ಎರಡು ಕೆಜಿ ವಾಪಸ್ ಬಂತು. ಸೊಂಟ ಮಾತ್ರ ನಿಜವಾಗಿ ಸುಧಾರಿಸಿತು. ಕಾರಣ ಮಣ್ಣೋ ಹಬೆಯೋ, ಹತ್ತು ದಿನ ಕುರ್ಚಿ ಮೇಲೆ ಕೂರದೇ ಇದ್ದದ್ದೋ, ನನ್ನ ಅನುಮಾನ ಕುರ್ಚಿ ಮೇಲೆ.

ಈಗ ಕೊಡಗು ಮುಗಿಸಿಬಿಡ್ತೀನಿ, ಹೇಳೋದು ಕಮ್ಮಿ. ನಮ್ಮ ಅದೃಷ್ಟ ಚೆನ್ನಾಗಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು, ತೋಟವೆಲ್ಲ ಬೆಳ್ಳಗೆ. ಕಾಫಿ ಹೂ ಎರಡು ಮೂರು ದಿನ ಇದ್ದರೆ ಹೆಚ್ಚು. ಮಲ್ಲಿಗೆಯ ತಂಗಿ ಅನ್ನಬಹುದಾದ ವಾಸನೆ, ಮೇಲೆ ಜೇನುಹುಳದ ಗುಂಯ್. ಬೆಳಗ್ಗೆ ಆರೂವರೆಗೆ ಸಿಲ್ವರ್ ಓಕ್ ಮರಗಳ ನಡುವೆ ನಡೆದದ್ದು ಆ ಇಡೀ ಪ್ರವಾಸದ ಬೆಲೆ. ಮಿಕ್ಕದ್ದಕ್ಕೆ ನಾವು ಸುಮ್ನೆ ದುಡ್ಡು ಕೊಟ್ಟೆವು.

ಅಲ್ಲಿ ಎರಡು ದಿನದ ಅಭ್ಯಂಗ, ಶಿರೋಧಾರೆಯನ್ನು 'ಪಂಚಕರ್ಮ ಪ್ಯಾಕೇಜ್' ಅಂತ ಬರೆದಿದ್ದರು. ಅದು ಸರಿಯಲ್ಲ. ಪಂಚಕರ್ಮ ಅಂದರೆ ವಮನ (ವಾಂತಿ ಮಾಡಿಸೋದು), ವಿರೇಚನ (ಭೇದಿ), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ), ರಕ್ತಮೋಕ್ಷಣ (ರಕ್ತ ತೆಗೆಯೋದು). ಎಣ್ಣೆ ಹಚ್ಚಿ ಬೆವರಿಸುವುದು ಅದಕ್ಕೆ ಮುಂಚಿನ ತಯಾರಿ. ವಮನ, ವಿರೇಚನಕ್ಕೆ ಮೊದಲು ದಿನಗಟ್ಟಲೆ ತುಪ್ಪ ಕುಡಿಸುತ್ತಾರೆ, ಕೊನೆಗೆ ಪಥ್ಯ, ನಡುವೆ ವೈದ್ಯರು ನೋಡುತ್ತಲೇ ಇರಬೇಕು. ವಾರಾಂತ್ಯದಲ್ಲಿ ಆಗುವ ಕೆಲಸ ಅಲ್ಲ. ಹಾಗಂತ ಎಣ್ಣೆ ಹಚ್ಚಿದ ಹೆಂಗಸಿನ ಕೈ ಚಿನ್ನದಂಥದ್ದು, ಅದನ್ನು ಹೇಳಲೇಬೇಕು. ಹಣೆ ಮೇಲೆ ಎಣ್ಣೆಯ ಧಾರೆ ಬೀಳುವಾಗ ನಾನು ಎಲ್ಲಿದ್ದೇನೆ ಅಂತಲೇ ಮರೆತಿದ್ದೆ.

ಮಧ್ಯಾಹ್ನ ಮೂರಕ್ಕೆ ಕೋಣೆಯ ಫೋನ್ ಬಡಕೊಂಡಿತು. "ಮ್ಯಾಮ್, ಮಡಿಕೆ ಮಾಡೋದು ಕಲಿಸ್ತೀವಿ, ಬರ್ತೀರಾ? ಝಿಪ್‌ಲೈನ್? ಬಾಣ ಬಿಡೋದು?" ಬೇಡ ಅಂದರೆ ನಾಲ್ಕಕ್ಕೆ ಮತ್ತೆ. ಶನಿವಾರ ರಾತ್ರಿ ಈಜುಕೊಳದ ಹತ್ತಿರ ಹನ್ನೊಂದರ ತನಕ ಹಾಡು, ಕುಣಿತ. ಕತ್ತಲಾದ ಮೇಲೆ ತೋಟದಲ್ಲಿ ಓಡಾಡೋಣ ಅಂದರೆ ಆನೆ ಭಯ, ಬಿಡೋದಿಲ್ಲ. ಅದು ತಪ್ಪಲ್ಲ, ಕೊಡಗಿನಲ್ಲಿ ಇರುವ ವಿಷಯವೇ. ನಮ್ಮವರು ಮಾತ್ರ ಮೊದಲ ರಾತ್ರಿ ಹನ್ನೊಂದು ಗಂಟೆ ನಿದ್ದೆ ಹೊಡೆದು, "ಇಷ್ಟು ಒಳ್ಳೆ ಜಾಗ ನೋಡೇ ಇಲ್ಲ" ಅಂದರು. ಅವರಿಗೆ ಬೇಕಾದದ್ದು ಹಾಸಿಗೆ, ಅದು ಸಿಕ್ಕಿತು. ಬರೀ ನಿದ್ದೆ ಬಾಕಿ ಇರುವವರಿಗೆ, ಎರಡೇ ದಿನ ರಜೆ ಇರುವವರಿಗೆ, ಹಾಸಿಗೆ ಗಟ್ಟಿಯಾದರೆ ಮುಖ ಸಿಂಡರಿಸುವವರಿಗೆ ರೆಸಾರ್ಟೇ ಸರಿ. ವಾರದ ನಡುವೆ ಹೋಗಿ, ಕೋಣೆಯ ಫೋನಿನ ರಿಸೀವರ್ ಎತ್ತಿಡಿ.

ಶಿರಸಿಯವರಿಗೆ 'ವೆಲ್‌ನೆಸ್' ಅನ್ನುವ ಪದದ ಗೊಡವೆಯೇ ಇಲ್ಲ. ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗಿ, ಅಲ್ಲಿಂದ ಸಿದ್ದಾಪುರದ ಮೇಲೆ ಕಾರಿನಲ್ಲಿ ಹೋದೆವು. ಕೊನೆಯ ಐದು ಕಿಲೋಮೀಟರ್ ಕೆಂಪು ಮಣ್ಣಿನ ರಸ್ತೆ, ಅಮ್ಮನ ಮಂಡಿ ಪ್ರತಿ ಗುಂಡಿಗೂ ಒಂದು ಶಾಪ ಹಾಕಿತು. ಜಗಲಿ ಹತ್ತುವ ಮುಂಚೆಯೇ ಮನೆಯೊಡತಿ, "ಆಸರಿಗೆ ಎಂತ ಕುಡಿತ್ರಿ?" ಅಂದರು. ಆಸರು ಅಂದರೆ ಅಲ್ಲಿ ಬಾಯಾರಿಕೆ. ಅಮ್ಮ ತುಮಕೂರು ಕಡೆಯವಳು, ಆಸರೆ, ಅಂದರೆ ಉಳಿಯೋ ಜಾಗ ಅಂದುಕೊಂಡು, "ಬುಕ್ ಮಾಡಿದ್ದೀವಲ್ಲಮ್ಮಾ" ಅಂದಳು. ನಗು ಅಲ್ಲಿಂದಲೇ ಶುರು. ಬೆಲ್ಲ ನೀರು ಬಂತು, ಹಿಂದೆಯೇ ಹಾಲು ಹಾಕಿದ ಕೊತ್ತಂಬರಿ ಜೀರಿಗೆ ಕಷಾಯ. ಎರಡನೇ ದಿನಕ್ಕೆ ಅವರು ಅಮ್ಮನಿಗೆ ತಂಗಿ, ನನಗೆ ಚಿಕ್ಕಮ್ಮ.

ಚಿಕಿತ್ಸೆ ಅಂತ ಇದ್ದದ್ದು ಬಚ್ಚಲುಮನೆ. ದೊಡ್ಡ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ ಮತ್ತು ಒಣ ಸೋಗೆಯ ಬೆಂಕಿ. ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿ ಅರ್ಧ ಗಂಟೆ ಒಲೆ ಮುಂದೆ ಕೂರಿಸಿದರು. ಆಮೇಲೆ ಸುಡುನೀರು, ಸೀಗೆಪುಡಿ. ಹೊರಗೆ ಬಂದರೆ ಕಂಬಳಿ ಹೊದೆಸಿ ಮಲಗಿಸಿದರು. ಕೊಡಗಿನ ಕೊಳಲಿನ ಸಂಗೀತದ ಕೋಣೆಯಲ್ಲಿ ಆಗಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ, ಕೈ ಅಲ್ಲಿ ಚೆನ್ನಾಗಿತ್ತು, ನೀರು ಇಲ್ಲಿ ಚೆನ್ನಾಗಿತ್ತು. ಹಂಡೆ ನೀರಿನ ಹೊಗೆ ವಾಸನೆ ಮೂರು ದಿನ ಕೂದಲಲ್ಲಿ ಇತ್ತು.

ಆದರೆ ನಾನು ಹೇಳಬೇಕಾದದ್ದು ಅಲ್ಲಿಯ ಮೂರು ಗಂಟೆ. ಜನವರಿ ಅಡಿಕೆ ಸುಲಿಯುವ ಕಾಲ. ಊಟ ಮುಗಿದ ಮೇಲೆ ಅಟ್ಟದ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಕತ್ತಿ ಹಾಕಿಕೊಂಡು ಕೂರುತ್ತಿದ್ದರು. ಕತ್ತಿ ನಿಂತಲ್ಲೇ ನಿಂತಿರುತ್ತದೆ, ಕಾಯಿ ಹೋಗಿ ಅದಕ್ಕೆ ತಾಗಬೇಕು. ಚರ್, ಚರ್, ಚರ್. ಎರಡು ಮೂರು ಏಟಿಗೆ ಹಸಿರು ಸಿಪ್ಪೆ ಬಿಟ್ಟು ಬಿಳಿ ಅಡಿಕೆ ಬುಟ್ಟಿಗೆ. ಅದನ್ನು ಬೇಯಿಸಿ, ತೊಗರು (ಅಡಿಕೆ ಬೇಯಿಸಿದ ನೀರಿನ ಗಟ್ಟಿ ರಸ) ಹಚ್ಚಿ, ಒಣಗಿಸಿದರೆ ಕೆಂಪಡಿಕೆ. ಅಮ್ಮ ಮೊದಲ ದಿನ ನೋಡಿದಳು. ಎರಡನೇ ದಿನ ಪಕ್ಕದಲ್ಲಿ ಕೂತಳು. ಮೂರನೇ ದಿನ ನಾನು ನಿದ್ದೆಯಿಂದ ಎದ್ದು ನೋಡಿದರೆ ಕತ್ತಿ ಮುಂದೆ ಇವಳೇ. ಬೆರಳೆಲ್ಲ ಕಪ್ಪು, ನಿಂಬೆಹಣ್ಣು ತಿಕ್ಕಿದರೂ ವಾರ ಹೋಗಲಿಲ್ಲ. ನಾನು ಅಲ್ಲೇ ಚಾಪೆ ಮೇಲೆ ಬೋರಲು ಬಿದ್ದುಕೊಂಡು ಅವರ ಮಾತು ಕೇಳುತ್ತಿದ್ದೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ತೋಟಕ್ಕೆ ಮಂಗ ನುಗ್ಗಿತು. ನನ್ನನ್ನು ಯಾರೂ ಏನೂ ಮಾಡು ಅನ್ನಲಿಲ್ಲ, ಏನೂ ಮಾಡಬೇಡ ಅಂತಲೂ ಅನ್ನಲಿಲ್ಲ. ಚರ್ ಚರ್ ಸದ್ದಿಗೆ ನಿದ್ದೆ ಬಂತು. ರಾತ್ರಿ ಮೂರರ ಎಚ್ಚರ ನಾಲ್ಕನೇ ದಿನದಿಂದ ನಿಂತಿತು. ಚಿಕಿತ್ಸಾಲಯದಲ್ಲಿ ಅದು ನಿಂತಿರಲಿಲ್ಲ, ಹಸಿವಿಗೆ ಎಚ್ಚರ ಆಗುತ್ತಿತ್ತು.

ಕೊರತೆ ಇಲ್ಲೂ ಜಾಸ್ತಿಯೇ. ಹಾಸಿಗೆ ತೆಳು. ಶೌಚಾಲಯ ಅಂಗಳ ದಾಟಿ, ರಾತ್ರಿ ಅಮ್ಮನಿಗೆ ಟಾರ್ಚ್ ಹಿಡಿದು ನಾನು ಹೋಗಬೇಕಿತ್ತು. ಸಂಜೆ ಕರೆಂಟ್ ಬಂದರೆ ಬಂತು. ಫೋನ್ ಸಿಗ್ನಲ್ ಬೇಕೆಂದರೆ ಸೊಪ್ಪಿನಬೆಟ್ಟ ಹತ್ತಬೇಕು. ಮಂಡಿ ನೋವು ಹೆಚ್ಚಾದರೆ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ, ಹೃದಯದ ತೊಂದರೆ ಇರುವ ಹಿರಿಯರನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತುತ್ತವೆ. "ಸಂಬಳ ಎಷ್ಟು, ಒಂದೇ ಮಗುವಾ, ಇನ್ನೊಂದು ಯಾಕಿಲ್ಲ" ಅನ್ನುವ ಪ್ರಶ್ನೆಗಳಿಗೆ ತಯಾರಾಗಿ ಹೋಗಿ. ಪಥ್ಯ ಅಂತೂ ಸಾಧ್ಯವೇ ಇಲ್ಲ. ದೋಸೆಗೆ ಜೋನಿಬೆಲ್ಲ ತುಪ್ಪ, ಅನ್ನಕ್ಕೆ ಒಂದೆಲಗದ ತಂಬುಳಿ, ಕೊನೆಗೆ ಕುಡಿಯಲು ಅಪ್ಪೆಹುಳಿ, ಬಾಗಿಲಲ್ಲೇ ಆಲೆಮನೆಯಿಂದ ಬಂದ ಕಬ್ಬಿನಹಾಲು. ಒಂದೂವರೆ ಕೆಜಿ ಏರಿದೆ. ಕರಾವಳಿಯಲ್ಲಿ ಇಳಿಸಿದ್ದರಲ್ಲಿ ಉಳಿದಿದ್ದ ಒಂದು ಕೆಜಿಯೂ ಅಲ್ಲಿಗೆ ಹೋಯಿತು.

ದುಡ್ಡು ಕೇಳ್ತೀರಲ್ವಾ? ನಾನು ಕೊಟ್ಟದ್ದು ಇಷ್ಟು. ಚಿಕಿತ್ಸಾಲಯದಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆ, ಊಟ, ಚಿಕಿತ್ಸೆ ಸೇರಿ ನನ್ನೊಬ್ಬಳಿಗೆ ಹತ್ತು ದಿನಕ್ಕೆ 24,000 ರೂಪಾಯಿ. ಶಿರಸಿಯಲ್ಲಿ ತಲೆಗೆ ದಿನಕ್ಕೆ 1,500, ಇಬ್ಬರಿಗೆ ಆರು ದಿನಕ್ಕೆ 18,000. ಕೊಡಗಿನಲ್ಲಿ ಇಬ್ಬರಿಗೆ ಎಣ್ಣೆ ಖರ್ಚೂ ಸೇರಿ ಎರಡು ರಾತ್ರಿಗೆ 37,000. ಕೊಡಗಿನ ಒಂದು ರಾತ್ರಿಯ ದುಡ್ಡಿಗೆ ಶಿರಸಿಯಲ್ಲಿ ಇಬ್ಬರು ಆರು ದಿನ ಉಂಡು, ಮಿಂದು, ಮಲಗಿ ಬಂದೆವು.

ಈಗ ಯಾರಾದರೂ ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಾನು ಚಿಕಿತ್ಸೆಯ ಪಟ್ಟಿ ನೋಡು ಅನ್ನೋದಿಲ್ಲ. ಫೋನ್ ಮಾಡಿ, ಮಧ್ಯಾಹ್ನ ಮೂರರಿಂದ ಆರರವರೆಗೆ ನಿಮ್ಮಲ್ಲಿ ಏನು ನಡೆಯುತ್ತೆ ಅಂತ ಕೇಳು ಅಂತೀನಿ. ಉತ್ತರದಲ್ಲೇ ಜಾಗ ಎಂಥದ್ದು ಅಂತ ಗೊತ್ತಾಗುತ್ತೆ. ಸೊಂಟ ಮತ್ತೆ ಹಿಡಿದರೆ ನಾನು ಕರಾವಳಿಗೇ ಹೋಗ್ತೀನಿ, ಆದರೆ ಮಳೆ ಬಿಟ್ಟ ಮೇಲೆ, ಕಾಫಿ ಬಿಟ್ಟ ಮೇಲೆ.

ಅಮ್ಮನದು ಬೇರೆ ಲೆಕ್ಕ. ಹೊರಡುವ ದಿನ ಚಿಕ್ಕಮ್ಮ ಅವಳ ಕೈಗೆ 40 ರೂಪಾಯಿ ಇಟ್ಟು, "ನಿಮ್ಮ ಸುಲಿತದ ಕೂಲಿ" ಅಂದಿದ್ದರು. ಆ ನೋಟುಗಳು ಇನ್ನೂ ಅವಳ ಪರ್ಸಿನ ಒಳಖಾನೆಯಲ್ಲಿವೆ. ಹೋದ ವಾರ ನನಗೆ ಹೇಳದೆ ಅಲ್ಲಿಗೆ ಫೋನ್ ಮಾಡಿದ್ದಾಳೆ. ರೂಮ್ ಖಾಲಿ ಇದೆಯಾ ಅಂತ ಅಲ್ಲ. "ಈ ಸಲ ಕೊಯ್ಲು ಯಾವಾಗ ಶುರು ಮಾಡ್ತೀರಿ? ಕತ್ತಿ ಸ್ವಲ್ಪ ಎತ್ತರದ್ದು ಇಟ್ಟಿರಿ, ನನಗೆ ಮಂಡಿ ಮಡಚಕ್ಕಾಗಲ್ಲ."