ಟ್ರೇಲರ್ ಕಟ್ಟಿದ ಮೇಲೆ ಮೈಲೇಜ್ ಎಷ್ಟು: ಐದು ಪಿಕಪ್ ಎಂಜಿನ್‌ಗಳ ಹೋಲಿಕೆ

ಅಮೆರಿಕದಲ್ಲಿ ಪಿಕಪ್ ಕೊಳ್ಳುವಾಗ ಕಿಟಕಿಯ ಮೇಲಿನ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಮೈಲೇಜ್ ಚೀಟಿಯನ್ನು ನಂಬಬಹುದು, ಆದರೆ ಖಾಲಿ ಗಾಡಿಗೆ ಮಾತ್ರ. 2021ರ ಫೋರ್ಡ್ ಎಫ್-150 ಫೋರ್ ವೀಲ್ ಡ್ರೈವ್‌ನಲ್ಲಿ 5.0 ಲೀಟರಿನ ವಿ8 (ಎಂಟು ಸಿಲಿಂಡರ್) ಗ್ಯಾಲನ್‌ಗೆ ಸರಾಸರಿ 19 ಮೈಲಿ, 3.5 ಇಕೋಬೂಸ್ಟ್ (ಫೋರ್ಡ್‌ನ ಟರ್ಬೊ ಪೆಟ್ರೋಲ್) 20, 2.7 ಇಕೋಬೂಸ್ಟ್ 21, ಪವರ್‌ಬೂಸ್ಟ್ ಹೈಬ್ರಿಡ್ (3.5 ಟರ್ಬೊ ಜೊತೆ ವಿದ್ಯುತ್ ಮೋಟರ್) 24. ಶೆವರ್ಲೆ ಸಿಲ್ವರಾಡೊದ 3.0 ಡ್ಯುರಾಮ್ಯಾಕ್ಸ್ ಡೀಸೆಲ್‌ಗೂ 24. ಸಿಗ್ನಲ್‌ಗಳ ನಡುವೆಯೇ ದಿನ ಕಳೆಯುವವರಿಗೆ ಹೈಬ್ರಿಡ್‌ಗೆ ಸಾಟಿಯಿಲ್ಲ: ಊರೊಳಗೆ ವಿ8 ಕೊಡುವುದು 16, ಅದು 24.

ಎತ್ತರದ ಟ್ರಾವೆಲ್ ಟ್ರೇಲರ್ ಕಟ್ಟಿ ಗಂಟೆಗೆ 65 ಮೈಲಿಯಲ್ಲಿ ಎಳೆದರೆ ಚಿತ್ರವೇ ಬೇರೆ. ಹೈಬ್ರಿಡ್ ಸೇರಿ ನಾಲ್ಕೂ ಪೆಟ್ರೋಲ್ ಎಂಜಿನ್‌ಗಳು 9–10ಕ್ಕೆ ಇಳಿಯುತ್ತವೆ, ಡೀಸೆಲ್ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೈಬ್ರಿಡ್‌ನ ಬ್ಯಾಟರಿ 1.5 ಕಿಲೋವ್ಯಾಟ್ ಅವರ್, ಮೋಟರ್ 35 ಕಿಲೋವ್ಯಾಟ್; ಉದ್ದದ ಏರಿನಲ್ಲಿ ಪೂರ್ತಿ ಒತ್ತಿದರೆ ಎರಡೂವರೆ ನಿಮಿಷಕ್ಕೆ ಖಾಲಿ. ಉಳಿದ ಏರನ್ನು 3.5 ಟರ್ಬೊ ಒಂದೇ ಹತ್ತಬೇಕು. ಟರ್ಬೊ ಪೆಟ್ರೋಲ್‌ಗಳು ಭಾರ ಬಿದ್ದಾಗ ಬಿಸಿ ತಗ್ಗಿಸಲು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತವೆ. 87 ಆಕ್ಟೇನ್ ಪೆಟ್ರೋಲ್ ಹಾಕಿದ್ದರೆ ನಾಕ್ (ಇಂಧನ ತಾನಾಗಿ ಸಿಡಿಯುವುದು) ತಡೆಯಲು ಕಿಡಿ ಹಾರುವ ಟೈಮಿಂಗ್ ಕೂಡ ಹಿಂದಕ್ಕೆ ಹೋಗಿ ಎಳೆತ ಕುಗ್ಗುತ್ತದೆ. ಬೇಸಿಗೆಯ ಘಾಟಿಗೆ 91 ಹಾಕಿ, ಬಾಕಿ ದಿನ 87 ಸಾಕು.

ಡೀಸೆಲ್‌ನ ತೊಂದರೆ ಬೇರೆ ಕಡೆ ಇದೆ. ದಿನಾ ಐದಾರು ಮೈಲಿ ಮಾತ್ರ ಓಡಿಸಿದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಟ್ಟು ಮುಗಿಯುವುದರೊಳಗೆ ಎಂಜಿನ್ ಆಫ್ ಆಗುತ್ತದೆ. ಮತ್ತೆ ಮತ್ತೆ ಹೀಗಾದರೆ ಮಸಿ ಸುಡಲು ಚಿಮ್ಮಿಸಿದ ಡೀಸೆಲ್, ಎಂಜಿನ್ ಆಯಿಲ್‌ಗೆ ಸೇರುತ್ತದೆ. ಈ 3.0 ಡ್ಯುರಾಮ್ಯಾಕ್ಸ್‌ನ ಮೊದಲ ಪೀಳಿಗೆಯಾದ ಎಲ್‌ಎಂ2 ಎಂಜಿನ್ನಿನ ಆಯಿಲ್ ಪಂಪ್ ಬೆಲ್ಟನ್ನು 1,50,000 ಮೈಲಿಗೆ ಬದಲಿಸಬೇಕು. ಅದು ಎಂಜಿನ್ ಹಿಂಬದಿಯಲ್ಲಿರುವುದರಿಂದ ಗೇರ್‌ಬಾಕ್ಸ್ ಇಳಿಸಲೇಬೇಕು. ಹಳೆ ಗಾಡಿ ಕೊಳ್ಳುವವರು ಇದನ್ನು ಮೊದಲು ಕೇಳಿ.

ಮೈಲೇಜ್ ಅಳೆಯಲು ಡ್ಯಾಶ್‌ಬೋರ್ಡ್ ಅಂಕಿ ಬೇಡ. ಅದೇ ಬಂಕ್, ಅದೇ ಪಂಪ್, ಪಂಪ್ ತಾನಾಗಿ ನಿಲ್ಲುವ ಮೊದಲ ಕ್ಲಿಕ್‌ಗೆ ನಿಲ್ಲಿಸಿ. ಓಡಿದ ಮೈಲಿಯನ್ನು ತುಂಬಿದ ಗ್ಯಾಲನ್‌ನಿಂದ ಭಾಗಿಸಿ. ಒಂದೇ ಟ್ಯಾಂಕ್ ನೋಡಿ ತೀರ್ಮಾನಿಸಬೇಡಿ, ಎದುರುಗಾಳಿಯೊಂದೇ ಲೆಕ್ಕ ಕೆಡಿಸುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 70ರಿಂದ 62ಕ್ಕೆ ಇಳಿಸಿದರೆ ಅದು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ.

ದುಡ್ಡಿನ ಲೆಕ್ಕ ಹೀಗೆ: ಎಳೆಯುವಾಗ ಡೀಸೆಲ್‌ನ 13ಕ್ಕೆ ಪೆಟ್ರೋಲ್‌ನ 9.5 ಎಂದರೆ, ಡೀಸೆಲ್ ದರ ಪೆಟ್ರೋಲ್‌ನ 1.37 ಪಟ್ಟು ಆಗುವವರೆಗೂ ಡೀಸೆಲ್ಲೇ ಅಗ್ಗ. ಖಾಲಿ ಓಡಾಟಕ್ಕೆ 2.7ರ ಜೊತೆ ಹೋಲಿಸಿದರೆ ಆ ಗಡಿ 1.14ಕ್ಕೇ ಮುಗಿಯುತ್ತದೆ. ವರ್ಷಕ್ಕೆ ಎರಡು ಸಲ ಮಾತ್ರ ಟ್ರೇಲರ್ ಕಟ್ಟುವವರಿಗೆ 2.7 ಸಾಕು.